ಅಕ್ಷರದ ಸಾರು

ಮೊದಲನೇ ಸಲ ಕೆಟ್ಟಿತು.
ಶ್ಯಾವಿಗಿ ಕುದಿಸಿದಂಗ ಕುದಿಸಿದೆ, ಮುಚ್ಚಳಾ ತಗದ್ರ
ಇಪ್ಪತ್ತಾರೂ ಅಕ್ಷರ ಒಂದಕ್ಕೊಂದು ಹತ್ತಿಕೊಂಡು
ಗ್ವಾಡಿಗೆ ಪೋಸ್ಟರ್ ಹಚ್ಚೋ ಅಂಟಾಗಿದ್ವು.
ಹಿಂದಿನ ಮನಿ ಎಮ್ಮಿಗೆ ಹಾಕಿದೆ. ಅದೂ ಓದಲಿಲ್ಲ.

ಎರಡನೇ ಸಲ, ಹಲ್ಲಿಗೆ ಒಂದೀಟು ಸಿಗುವಂಗ ಇಳಿಸಿ
ತಣ್ಣೀರು ಹೊಯ್ದೆ. ಶೇಂಗಾ ಎಣ್ಣಿ, ಸಾಸಿವಿ,
ಜಜ್ಜಿದ ಬಳ್ಳೊಳ್ಳಿ. ಬ್ಯಾಳಿ ಕಟ್ಟು ತಿಳಿ ಇರಬೇಕು,
ಗಟ್ಟಿ ಸಾರಿನ್ಯಾಗ ಅಕ್ಷರ ಮುಳುಗತಾವ.
ಪಾಕೀಟಿನ ಚಿತ್ರದಾಗ ಚೀಜು ಐತಿ,
ನಾ ಶೇಂಗಾ ಹಿಂಡಿ ಉದುರಿಸಿದೆ.
ಬಟ್ಟಲದಾಗ ಕೊಡಬ್ಯಾಡ್ರಿ, ಅಗಲ ತಾಟಿನ್ಯಾಗ ಕೊಡ್ರಿ,
ಮಾರಿ ಮ್ಯಾಲ ಮಾಡಿ ತೇಲತಾವ,
ಹುಡುಗರು ಒಂದೊಂದ ಆರಿಸಿ ತಿಂತಾವ.
ಆರಿಸಿದ್ದು ಓದಿದಂಗ, ನುಂಗಿದ್ದು ಪಾಸಾದಂಗ.

ಹಾತಲಗೇರಿ ನಾಕಾದ ಹಿಂದ ನನ್ನ ಖಾನಾವಳಿ.
ಬೋರ್ಡಿಲ್ಲ. ಗ್ವಾಡಿ ಮ್ಯಾಲ ಒಂದ ಚೀಟಿ:
‘ಇವತ್ತು ರೋಖ, ನಾಳೆ ಉದ್ರಿ.’
ಕರೇ ಶಾಯಿ, ಸುತ್ತಲೂ ಬಳ್ಳಿ ಬಾರ್ಡರು.
ಅಚ್ಚು ಹಾಕಿಕೊಟ್ಟವರು ರಾಜೇಸಾಬ ನದಾಫ ಕಾಕಾ.
ಬಾರ್ಡರಿಗೆ ರೊಕ್ಕ ತಗೊಂಡಿರಲಿಲ್ಲ.

ನಲವತ್ತು ವರ್ಷ ಮೊಳಿ ಜೋಡಿಸಿದ ಕೈ.
ಗದಗಿನ ಅರ್ಧ ಲಗ್ನ ಆ ಬೆರಳಿನ ಸಂದಿಂದ ಹಾದು ಹೋಗ್ಯಾವು,
ದಿನಕರ್ಮದ ಕಾರ್ಡೂ ಹೋಗ್ಯಾವು.
ಪ್ರೆಸ್ಸು ಈಗ ಮೊಬೈಲ್ ಕವರಿನ ಅಂಗಡಿ.
ಸೀಸದ ಮೊಳಿ ತೂಕಕ್ಕ ಹ್ವಾದ್ವು,
ಅಲ್ಪಪ್ರಾಣ ಮಹಾಪ್ರಾಣ ಎಲ್ಲಾ ಒಂದ ರೇಟು.
ಕಾಕಾ ದಿನಾ ಹನ್ನೆರಡೂವರಿಗೆ ಬರ್ತಾರ,
ಎರಡು ಚಪಾತಿ, ಅರ್ಧ ಅನ್ನ,
ಚಿಲ್ಲರೆ ಎಣಿಸಿ ತಾಟಿನ ಬಾಜೂಕ ಇಟ್ಟು ಹೋಗತಾರ.

ಅವತ್ತು ತಂಗಿ ಮಗಳು ಸಿಂಚನಾಗ ಮಾಡಿದ್ದನ್ನ
ಒಂದ ಸೌಟು ಅವರಿಗೂ ಹಾಕಿದೆ.
ಚಷ್ಮಾ ತಗದು, ಬಗ್ಗಿ ನೋಡಿ,
‘ಎಷ್ಟು ಪಾಯಿಂಟು ಇದು?’ ಅಂದರು.
‘ಎ, ಎಂ, ಟಿ ಸಜ್ಜನರು, ಹಿಂದ ಮುಂದ ಒಂದ ಮಾರಿ.
ಎಫ್, ಆರ್ ನಂಬಬ್ಯಾಡ, ಹೊಳ್ಳಿಸಿದ್ರ ಬ್ಯಾರೆ ಮಂದಿ.
ಕನ್ನಡದ್ದು ಯಾಕ ಮಾಡಿಲ್ಲ ಗೊತ್ತೇನು?
ಕ ಒಂದಕ್ಕ ಎಷ್ಟು ಮನಿ ಬೇಕು!
ಗುಣಿತ, ಕೊಂಬು, ಏತ್ವ, ಕೆಳಗ ಒತ್ತು.
ಪಾಕೀಟು ಸಾಲೂದಿಲ್ಲವ್ವ, ಗೋಣಿಚೀಲ ಬೇಕು.’
ನಮ್ಮ ಶ್ಯಾವಿಗಿ ಐತೆಲ್ಲ ಕಾಕಾ, ಬಾಗಸಬೇಕಷ್ಟ, ಅಂದೆ.
ನಕ್ಕರು. ನಗಿ ಅರ್ಧಕ್ಕ ನಿಂತಿತು.

ಆಮ್ಯಾಲೆ ಯಾರ ಕಡೆನೂ ನೋಡದ
ತಾಟು ಒಂದೀಟು ವಾರಿ ಮಾಡಿ, ಸಾರು ಸರಿಸಿ,
ಒಣಾ ಜಾಗಾದಾಗ ನಾಕು ಅಕ್ಷರ ಕೂಡಿಸಿದರು,
ಬಲಕಿನಿಂದ ಎಡಕ್ಕ. ಎರಡನ್ನ ಡಬ್ಬ ಹಾಕಿದರು.
ರಂಜಕಾ ಎಣ್ಣ್ಯಾಗ ತೆಳ್ಳಗ ಕಲಸಿ
ಹೆಬ್ಬಟ್ಟಿಲೆ ಸವರಿದರು, ರೋಲರ್ ಓಡಿಸಿದಂಗ.
ಚಪಾತಿ ಹೊದಿಸಿ, ಅಂಗೈಲೆ
ಒಂದ ಸಲ, ಭಾಳ ಮೆತ್ತಗ, ಒತ್ತಿ
ತಗದರು.

ಕೆಂಪಾನ ಅಕ್ಷರ ನಾಕು. ಸಾಲು ನೆಟ್ಟಗ.
ನನಗ ಎಬಿಸಿಡಿ ಬರೂದಿಲ್ಲ. ಅವರಿಗದು ಗೊತ್ತು.
ಗೊತ್ತಿದ್ದಕ್ಕ ಅದರಾಗ ಹಾಕಿದ್ರೋ ಏನೋ.
ಚಪಾತಿ ನನ್ನ ಕಡೆ ಸರಿಸಿ
ತಮ್ಮ ಉಗುರು ನೋಡಿಕೋತ ಕುಂತರು.

ಸಿಂಚನಾ ಬಗ್ಗಿ ಓದಿದಳು, ಸಾಲಿ ದನಿಯೊಳಗ:
ಯು. ಡಿ. ಆರ್. ಐ.
‘ದೊಡ್ಡವ್ವ, ಉದ್ರಿ ಅಂದ್ರೇನ?’

ಗ್ವಾಡಿ ಮ್ಯಾಲಿನ ಚೀಟಿ ಅಲ್ಲೇ ಇತ್ತು,
ಪುಗಸಟ್ಟೆ ಬಳ್ಳಿಯೊಳಗ, ಅವರದ ಕೈ ಅಚ್ಚಿನ್ಯಾಗ.
ಬಾಜೂಕಿನ ಹಮಾಲ ಮಜ್ಜಿಗಿ ಕೇಳಿದ. ಕೊಟ್ಟೆ.
ಒಲಿ ಮ್ಯಾಲ ಹಂಚು ಕಾದಿತ್ತು.

ಚಪಾತಿ ಎತ್ತಿ ಬೆಳಕಿಗೆ ಹಿಡಿದೆ,
ಓದು ಬಂದಾಕಿಯಂಗ.
‘ಕಾಕಾ, ಶಾಯಿ ಸರಿ ಹತ್ತಿಲ್ಲ’ ಅಂದೆ,
‘ಇನ್ನೊಂದು ಪ್ರೂಫ್ ತಗೀರಿ.’
ಹಂಚಿನಿಂದ ಬಿಸೀದೊಂದು ನೇರ ತಾಟಿಗೆ ಹಾಕಿದೆ.

ಮೊದಲಿನ ಪ್ರೂಫು ಸಿಂಚನಾ ತಿಂದಳು,
ಖಾರ ಖಾರ ಅಂತ ನೀರು ಕೇಳಿದಳು.